ಡ್ರಿಲ್ ಮಷೀನು ಯಾರ ಕೈಗೆ

ಅಂಗಡಿಯವನು ಮಷೀನನ್ನ ಮೊದಲು ಯಾರ ಕೈಗೆ ಕೊಡ್ತಾನೋ, ವ್ಯಾಪಾರ ಅಲ್ಲಿಗೇ ಮುಗೀತು ಅಂತ ಅರ್ಥ. ಬ್ಯಾಟರಿಯಲ್ಲಿ ಓಡೋ ಡ್ರಿಲ್ ಮಷೀನು ತಗೊಳ್ಳೋಕೆ ಅಂತ ನಾನೂ ನಮ್ಮ ಯಜಮಾನರೂ ಕೋಲಾರ, ಮಾಲೂರು, ಮುಳಬಾಗಿಲು ಅಂತ ಸುತ್ತಿದಾಗ ನನಗೆ ಗೊತ್ತಾಗಿದ್ದು ಇಷ್ಟೇ. ವೋಲ್ಟು, ವಾರಂಟಿ ಎಲ್ಲಾ ಆಮೇಲಿನ ಮಾತು.

ನಮ್ಮ ಯಜಮಾನರು ಬಡಗಿ. ನಾನು ಯಲ್ದೂರಿಂದ ಮದುವೆಯಾಗಿ ಸುಗಟೂರಿಗೆ ಬಂದಾಗ ಇವರಿಗೆ ಬಾಗಿಲು, ಕಿಟಕಿ, ಮಂಚ ಅಂತ ತಲೆ ಕೆರ್ಕೊಳ್ಳೋಕೂ ಪುರಸೊತ್ತಿರಲಿಲ್ಲ. ಈಗ ಬಾಗಿಲು ರೆಡಿಮೇಡು, ಕಿಟಕಿ ಅಲ್ಯೂಮಿನಿಯಮ್ಮು, ಮಂಚ ಅಂಗಡಿಯಿಂದ ಆಟೋದಲ್ಲಿ ಬಂದು ಇಳಿಯುತ್ತೆ. ನಮಗೆ ಅಂತ ಉಳಿದಿದ್ದು ಹುಳದ ಮನೆಗಳು. ರೇಷ್ಮೆ ಹುಳ ಸಾಕೋ ಕಟ್ಟಡಕ್ಕೆ ನಮ್ಮ ಕಡೆ ಹಂಗೇ ಅನ್ನೋದು. ಅದರ ಕಿಟಕಿ, ಬಾಗಿಲು, ಗವಾಕ್ಷಿ ಎಲ್ಲಕ್ಕೂ ಸಣ್ಣ ಕಣ್ಣಿನ ನೈಲಾನ್ ಬಲೆ ಹೊಡೀಬೇಕು. ಇಲ್ಲಾಂದ್ರೆ ಊಜಿ ನೊಣ ಒಳಗೆ ನುಗ್ಗಿ ಹುಳದ ಮೈಮೇಲೆ ಮೊಟ್ಟೆ ಇಟ್ಟುಬಿಡುತ್ತೆ, ಹುಳದ ಬೆಳೆ ಕಣ್ಣೆದುರೇ ಹೋಗುತ್ತೆ.

ಮರದ ಪಟ್ಟಿ ಕೊಯ್ದು ಕೊಡೋದು ಇವರು. ಬಲೆ ಎಳೆದು ಹಿಡಿದು, ಪಟ್ಟಿ ಕೂರಿಸಿ, ಸ್ಕ್ರೂ ಬಿಗಿಯೋದು ನಾನು. ಇದಕ್ಕೊಂದು ಕಾರಣ ಇದೆ. ಇವರಿಗೆ ಬೀಡಿ ಚಟ. ಹೊಗೆಸೊಪ್ಪಿನ ವಾಸನೆ ಹುಳಕ್ಕೆ ಆಗಲ್ಲ, ಬೀಡಿ ಸೇದೋ ಕೈಯನ್ನ ಯಾವ ಮನೆಯ ಹೆಂಗಸೂ ಬೆಳೆ ಇರುವಾಗ ಒಳಗೆ ಬಿಡಲ್ಲ. ಬೆಳೆ ಮಧ್ಯೆ ಎಲ್ಲಾದರೂ ಬಲೆ ಹರಿದ್ರೆ ಫೋನು ನನಗೇ ಬರುತ್ತೆ. "ಅಕ್ಕಾ, ನೀನೊಬ್ಬಳೇ ಬಾ" ಅಂತಾರೆ. ಸ್ನಾನ ಮಾಡಿ, ಹೂವು ಮುಡಿಯದೆ, ಪೌಡರ್ ಹಾಕದೆ, ಬಾಗಿಲ ಹತ್ತಿರ ಸುಣ್ಣ ತುಳಿದು ಒಳಗೆ ಹೋಗ್ತಿದ್ದೆ. ಸ್ಕ್ರೂಡ್ರೈವರ್ ತಿರುಗಿಸಿ ತಿರುಗಿಸಿ ಅಂಗೈ ಮಧ್ಯೆ ಆಣಿ ಆಗಿತ್ತು. ಆದ್ರೂ ನನಗೆ ಆ ಕೆಲಸ ಅಂದ್ರೆ ಇಷ್ಟ. ಸೊಪ್ಪು ಹಾಕಿದ ಮೇಲೆ ಹುಳಗಳು ತಿನ್ನೋ ಸದ್ದು ಸೋನೆ ಮಳೆ ಥರ ಕೇಳಿಸ್ತಿರುತ್ತೆ, ಅದರ ಮಧ್ಯೆ ನಿಂತು ಕೆಲಸ ಮಾಡೋದು. ನಾನೇ ಬೇಕು ಅಂತ ಕರೆದು ಕೊಟ್ಟ ಕೆಲಸ ಅಂತ ಜೀವನದಲ್ಲಿ ಬೇರೇನೂ ಇರಲಿಲ್ಲ.

ಆಮೇಲೆ ಇವರ ಬಲಭುಜ ಹಿಡ್ಕೊಂಡಿತು. ಕೋಲಾರದ ಡಾಕ್ಟ್ರು ಫೋಟೋ ತೆಗೆಸಿ ನೋಡಿ, ಕೈ ಇನ್ನು ಮೊದಲಿನ ಹಂಗೆ ಮೇಲೆ ಏಳೋದು ಕಷ್ಟ, ಭಾರ ಎತ್ತಬೇಡಿ ಅಂದ್ರು. ಇವರು ಊರಿಗೆಲ್ಲಾ ಉಳುಕು ಅಂತ ಹೇಳ್ಕೊಂಡು ಬಂದ್ರು. ಬೆಳಗ್ಗೆ ಅಂಗಿ ತೋಳಿಗೆ ಇವರ ಕೈ ತೂರಿಸ್ತಿದ್ದವಳು ನಾನು. ಬಡಗಿಗೆ ಕೈ ಹೋಯ್ತಂತೆ ಅಂತ ಒಂದು ಸಲ ಮಾತು ಹುಟ್ಟಿದರೆ ಪಟ್ಟಿ ಕೊಯ್ಯೋ ಕೆಲಸಕ್ಕೂ ಯಾರೂ ಕರೆಯಲ್ಲ ಅಂತ ಇವರ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಅದರಿಂದಾಗಿ ತಲೆಗಿಂತ ಮೇಲಿನ ಕೆಲಸ ಪೂರ್ತಿ, ಮರಕ್ಕೆ ತೂತು ಹಾಕೋದೂ ಸೇರಿ, ನನ್ನ ಪಾಲಿಗೆ ಬಂತು. ಮನೇಲಿದ್ದ ಹಳೇ ಡ್ರಿಲ್ಲು ವೈರಿಂದು. ಎಷ್ಟೋ ಹುಳದ ಮನೆಯಲ್ಲಿ ಪ್ಲಗ್ಗೇ ಇರಲ್ಲ, ಇದ್ರೂ ಕರೆಂಟು ಇರಲ್ಲ. ಅದಕ್ಕೇ ಬ್ಯಾಟರಿ ಮಷೀನು ಬೇಕು ಅಂತ ಆಗಿದ್ದು. ಅದು ನನ್ನ ಕೈಗೆ ಒಗ್ಗಿದರೆ ಮನೆ ನಡೆಯುತ್ತೆ, ಒಗ್ಗದಿದ್ರೆ ನಡೆಯಲ್ಲ. ವಿಷಯ ಇದ್ದಿದ್ದೇ ಇಷ್ಟು.

ಕೋಲಾರದ ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗೆಲ್ಲಾ ಅಂಗಡಿಯವನು ಇವರ ಮುಖ ನೋಡ್ಕೊಂಡು ಉತ್ತರ ಹೇಳಿದ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ನಾನು ಕೇಳಿದ್ರೆ, "ಸಾರ್, ದಿನಪೂರ್ತಿ ಬರುತ್ತೆ ಸಾರ್" ಅಂತ ಇವರಿಗೆ ಹೇಳಿದ. ನಾನೇನು ಅಲ್ಲಿ ಗೋಡೆಗೆ ನೇತು ಹಾಕಿದ್ದ ಕ್ಯಾಲೆಂಡರಾ? ಮಾಲೂರಿನ ಅಂಗಡಿಯಲ್ಲಿ ಇನ್ನೊಂದು ಥರ. ಅಲ್ಲಿ ಫ್ಯಾಕ್ಟರಿಗಳ ವ್ಯಾಪಾರ ಜಾಸ್ತಿ, ಮಷೀನುಗಳೂ ಅಷ್ಟೇ ದೊಡ್ಡವು. ಅಂಗಡಿಯವನು ಒಂದು ಪೆಟ್ಟಿಗೆ ತೆರೆದ. ಅದರ ತುಂಬಾ ನೂರೆಂಟು ಡ್ರಿಲ್ ಬಿಟ್ಟುಗಳು, ಸುತ್ತಿಗೆ, ಟೇಪು, ಕಟಿಂಗ್ ಪ್ಲೇಯರು. ಇಷ್ಟು ಸಾಮಾನು ಈ ರೇಟಿಗೆ ಎಲ್ಲಿ ಸಿಗುತ್ತೆ ಹೇಳಿ ಅಂದ. ಇವರ ಕಣ್ಣು ಅರಳಿತು. ನಾನು ಒಂದು ಬಿಟ್ಟು ತೆಗೆದು ಉಗುರಲ್ಲಿ ಕೆರೆದು ನೋಡಿದೆ, ಮೇಲಿನ ಹೊಳಪು ಪುಡಿ ಪುಡಿಯಾಗಿ ಉದುರಿತು. ಬ್ಯಾಟರಿ ಕೆಟ್ಟರೆ ಬೇರೆ ಬ್ಯಾಟರಿ ಸಿಗುತ್ತಾ ಅಂದೆ. ಹೊಸ ಮಷೀನೇ ತಗೋಬಹುದು ಅಮ್ಮಾ ಅಂತ ನಕ್ಕ. ಅಂಥ ಪೆಟ್ಟಿಗೆ ವರ್ಷಕ್ಕೊಂದು ಕೊಳ್ಳೋ ಬದಲು ನಾನು ಸ್ಕ್ರೂಡ್ರೈವರೇ ತಿರುಗಿಸ್ತೀನಿ ಅಂತ ಇವರ ತೋಳು ಹಿಡಿದು ಹೊರಗೆ ಕರ್ಕೊಂಡು ಬಂದೆ.

ಮುಳಬಾಗಿಲಲ್ಲಿ ಒಬ್ಬ ಸಾಬರ ಅಂಗಡಿ. ಅವರ ಅಪ್ಪನ ಕಾಲದಿಂದ ಮೋಟಾರಿಗೆ ವೈಂಡಿಂಗ್ ಕಟ್ಟೋ ಮನೆತನ, ಈಗ ಮುಂದೆ ಮಷೀನು ಮಾರ್ತಾರೆ, ಹಿಂದೆ ರಿಪೇರಿ ಮಾಡ್ತಾರೆ. ನಾವು ಭಾಯ್ ಅಂತೀವಿ, ಅವರು ಇವರನ್ನ ಮೇಸ್ತ್ರಿ ಅಂತಾರೆ. ಅವರು ಮಷೀನು ತೋರಿಸೋಕೆ ಮುಂಚೆ ಕೆಲಸ ಏನು ಅಂತ ಕೇಳಿದ್ರು. ಇವರು ಬಾಯಿ ತೆಗೆಯೋಕೆ ಮುಂಚೆ ನಾನೇ ಹೇಳಿದೆ. ಮರದ ಪಟ್ಟಿಗೆ ಸ್ಕ್ರೂ ಹೊಡೆಯೋದು, ಸ್ಟೂಲ್ ಮೇಲೆ ನಿಂತು ತಲೆ ಮೇಲೆ ಕೈ ಎತ್ತಿ ಕೆಲಸ, ಕರೆಂಟಿಲ್ಲದ ಜಾಗ, ಮನೇಲಿ ಅಪರೂಪಕ್ಕೊಂದು ಮೊಳೆ. ಭಾಯ್ ಒಳಗಿಂದ ಎರಡು ಮಷೀನು ತಂದಿಟ್ರು. ಒಂದು ಚಿಕ್ಕದು, ಹಿಡಿದ್ರೆ ಕೈಯಲ್ಲಿ ಇರೋದೇ ಗೊತ್ತಾಗಲ್ಲ. ಇನ್ನೊಂದು ಗೋಡೆ ಒಡೆಯೋ ಹ್ಯಾಮರ್ ಇರೋದು, ಡೈರಿಗೆ ಹಾಲು ಹಾಕೋ ಕ್ಯಾನಿನ ಹಂಗೆ ಭಾರ. ಎರಡಕ್ಕೂ ಜೊತೆಗೆ ಇನ್ನೊಂದು ಬ್ಯಾಟರಿ ಬರುತ್ತೆ, ಎರಡನ್ನೂ ತಾನೇ ರಿಪೇರಿ ಮಾಡಿಕೊಡ್ತೀನಿ ಅಂದ್ರು.

ಚಿಕ್ಕದನ್ನ ಅವರು ನನ್ನ ಕೈಗೆ ಕೊಟ್ರು. ನಾನು ಅಂಗಡಿಯೊಳಗೇ ಕೈ ಮೇಲಕ್ಕೆತ್ತಿ, ಕಿಟಕಿ ಮುಂದೆ ನಿಂತ ಹಂಗೆ ನಿಂತು ಹಿಡಿದು ನೋಡಿದೆ. ಕೈ ನಡುಗಲಿಲ್ಲ. ಭಾಯ್ ಒಂದು ಹಲಗೆ ತುಂಡು ಮುಂದೆ ತಳ್ಳಿದ್ರು. ಸ್ಕ್ರೂ ಇಟ್ಟು ಒತ್ತಿದೆ, ಬೆಣ್ಣೆಯಲ್ಲಿ ಇಳಿದ ಹಂಗೆ ಇಳೀತು. ನನ್ನ ಅಂಗೈ ಆಣಿಗೆ ಒಂದು ಚೂರೂ ನೋವಾಗಲಿಲ್ಲ. ಅಯ್ಯೋ ದೇವರೇ, ಇಷ್ಟು ವರ್ಷ ಇದೆಲ್ಲಿತ್ತು ಅನ್ನಿಸಿ ನನಗೆ ನಗುವೇ ಬಂದುಬಿಡ್ತು.

ಇವರು ದೊಡ್ಡದನ್ನೇ ನೋಡ್ತಿದ್ರು. ಚಿಕ್ಕದು ಮಕ್ಕಳ ಆಟದ ಸಾಮಾನಿನ ಹಂಗಿದೆ ಭಾಯ್, ನಾಳೆ ಗೋಡೆ ಕೆಲಸ ಬಂದ್ರೆ ಏನ್ಮಾಡೋದು, ಜನ ನೋಡಿದ್ರೆ ನಗ್ತಾರೆ ಅಂದ್ರು. ಗೋಡೆಗೆ ವೈರಿನ ಡ್ರಿಲ್ ಇದೆಯಲ್ಲ ಅಂತ ನಾನಂದೆ. ಕೇಳಿಸಿಕೊಳ್ಳಲಿಲ್ಲ. ಆಗ ಭಾಯ್ ಒಂದು ಮಾತು ಕೇಳಿದ್ರು.

"ಮೇಸ್ತ್ರಿ, ದಿನಾ ಎತ್ತಿ ಹಿಡಿಯೋರು ಯಾರು? ಅವರ ಕೈ ಹೇಳಿದ್ದನ್ನ ತಗೊಳ್ಳಿ."

"ನಾನೇ" ಅಂದ್ರು ನಮ್ಮ ಯಜಮಾನರು.

ಬಲಗೈ ಪ್ಯಾಂಟಿನ ಜೇಬಲ್ಲಿತ್ತು. ಎಡಗೈಯಲ್ಲಿ ದೊಡ್ಡ ಮಷೀನಿನ ಪೆಟ್ಟಿಗೆ ತಮ್ಮ ಕಡೆ ಎಳ್ಕೊಂಡ್ರು. ಭಾಯ್ ನನ್ನ ಮುಖ ನೋಡಿದ್ರು, ನಾನು ಕೈಯಲ್ಲಿದ್ದ ಚಿಕ್ಕದನ್ನ ಮೆಲ್ಲಗೆ ಕೆಳಗಿಟ್ಟೆ. ಅಲ್ಲಿ ನಾನು ಬಾಯಿ ಬಿಟ್ಟಿದ್ರೆ ಇವರ ಭುಜದ ಕಥೆಯೂ ಬಿಚ್ಚಬೇಕಾಗಿತ್ತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ, ನಮ್ಮ ಮನೆಗೆ ಮಷೀನೂ ಪರರಿಚ್ಛೆಗೇ ಬಂತು.

ವಾಪಸ್ ಬರುವಾಗ ಬಸ್ಸಲ್ಲಿ ಪೆಟ್ಟಿಗೆ ಇವರ ತೊಡೆ ಮೇಲೆ. ಪಕ್ಕ ಕೂತವರು ಏನದು ಅಂದ್ರೆ ಮುಚ್ಚಳ ತೆಗೆದು ತೋರಿಸಿದ್ರು. ನಮ್ಮಿಬ್ಬರಿಗೆ ಗಿರಾಕಿಗಳ ಮುಂದೆ ಕನ್ನಡ, ಜಗಳಕ್ಕೆ ತೆಲುಗು. ಅವತ್ತು ಬಸ್ಸಿಳಿದು ಮನೆ ಸೇರೋವರೆಗೂ ನಾನು ತೆಲುಗಲ್ಲೇ ಬೈದೆ. ಇವರು ಪೆಟ್ಟಿಗೆ ಹಿಡ್ಕೊಂಡು ಮುಂದೆ ಮುಂದೆ ನಡೆದ್ರು. ಮನೆಗೆ ಬಂದು, ಹೊಸ ಸಾಮಾನಿನ ಬೋಣಿ ದೇವರ ಮನೆಯಲ್ಲೇ ಆಗಬೇಕು ಅಂತ ಗೋಡೆಗೆ ತೂತು ಹಾಕೋಕೆ ನಿಂತ್ರು. ಎಡಗೈಯಲ್ಲಿ ಹಿಡಿದು ಎದೆ ಕೊಟ್ಟು ಒತ್ತಿದ್ರು. ತೂತು ಓರೆಯಾಯ್ತು. ಆ ಮೊಳೆಗೆ ನೇತು ಹಾಕಿದ ಲಕ್ಷ್ಮೀ ಫೋಟೋ ಇವತ್ತಿಗೂ ಒಂದು ಕಡೆ ವಾಲಿಕೊಂಡೇ ಇದೆ.

ಅಲ್ಲಿಂದ ಕೆಲಸಕ್ಕೆ ಅದನ್ನೇ ಒಯ್ಯಬೇಕಾಯ್ತು. ಎತ್ತೋಳು ನಾನು. ನಾಲ್ಕು ಸ್ಕ್ರೂ ಬಿಗಿಯೋಷ್ಟರಲ್ಲಿ ಮಣಿಕಟ್ಟು ಹಿಡ್ಕೊಳ್ಳೋದು, ಭಾರಕ್ಕೆ ಮಷೀನಿನ ತುದಿ ಜಾರಿ ಬಲೆ ಹರಿಯೋದು. ಹರಿದ ಬಲೆ ಮತ್ತೆ ನಮ್ಮ ತಲೆ ಮೇಲೆ. ಇವರು ಕೆಳಗೆ ನಿಂತು, ಮೇಲೆ ಹಿಡಿ, ಕೆಳಗೆ ಹಿಡಿ, ಹಂಗಲ್ಲ ಕಣೇ ಅಂತ ಹೇಳೋರು. ದಾರಿಲಿ ಹೋಗೋರು ಮೇಸ್ತ್ರಿ ಮಷೀನು ಜೋರಾಗಿದೆ ಅನ್ನೋರು, ಇವರು ಮೀಸೆ ಮೇಲೆ ಕೈ ಆಡಿಸೋರು. ನನಗೆ ಮೈಯೆಲ್ಲಾ ಉರೀತಿತ್ತು. ಮನೆಗೆ ಬಂದು ಮುದ್ದೆ ತೊಳಸೋಕೆ ಕೋಲು ಹಿಡಿದ್ರೆ ಕೈಯಲ್ಲಿ ಬಲವೇ ಇರ್ತಿರಲಿಲ್ಲ, ಮುದ್ದೆ ಗಂಟು ಗಂಟು. ಯಾಕೆ ಹಿಂಗೆ ಮಾಡಿದೀಯ ಅಂತ ಅದಕ್ಕೂ ಒಂದು ಮಾತು.

ಹಿಂಗಿರುವಾಗ ನಮ್ಮೂರ ಪಕ್ಕದ ಹಳ್ಳಿಯ ಒಂದು ಮನೆಯಿಂದ ಫೋನು ಬಂತು. ಆ ಮನೆ ಯಜಮಾನಿ ನನಗೆ ವರಸೆಯಲ್ಲಿ ತಂಗಿ ಆಗಬೇಕು, ಅವರ ಹುಳದ ಮನೆಗೆ ಶುರುವಿಂದ ಬಲೆ ಹೊಡೆದವಳು ನಾನೇ. ಹುಳ ಮೂರನೇ ಜ್ವರಕ್ಕೆ ಕೂತಿದೆ, ಬಾಗಿಲ ಮೇಲಿನ ಪಟ್ಟಿ ಬಿಟ್ಕೊಂಡಿದೆ, ನೊಣ ಬರೋಕೆ ಮುಂಚೆ ಬಂದು ಬಿಗಿದು ಹೋಗು ಅಕ್ಕಾ ಅಂದಳು. ಹುಳ ಪೊರೆ ಬಿಡೋಕೆ ಅಂತ ಮೇವು ಬಿಟ್ಟು, ತಲೆ ಎತ್ಕೊಂಡು ಅಲ್ಲಾಡದೆ ಕೂರೋದಕ್ಕೆ ಜ್ವರ ಅಂತೀವಿ. ಆ ಹೊತ್ತಲ್ಲಿ ಒಳಗೆ ಜೋರಾಗಿ ಮಾತೂ ಆಡಲ್ಲ, ಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡು ಮುಟ್ಟಲ್ಲ. ತೇವ ಹೀರಲಿ ಅಂತ ಸುಣ್ಣದ ಪುಡಿ ಉದುರಿಸ್ತಾರೆ, ಅಷ್ಟೇ.

ನಾನೊಬ್ಬಳೇ ಹೋಗ್ತೀನಿ, ಸ್ಕ್ರೂಡ್ರೈವರ್ ಸಾಕು ಅಂದೆ. ಇವರು ಬಿಡಲಿಲ್ಲ. ಸ್ನಾನ ಮಾಡಿದ್ದೀನಿ, ಬೆಳಗ್ಗಿಂದ ಬೀಡಿ ಮುಟ್ಟಿಲ್ಲ, ಮಷೀನಿದ್ದೂ ಕೈಯಲ್ಲಿ ತಿರುಗಿಸ್ತೀಯಾ ಅಂತ ಜೊತೆಗೇ ಬಂದ್ರು. ಬಿಟ್ಕೊಂಡಿದ್ದ ಪಟ್ಟಿಯನ್ನ ಹಳೇ ಚೌಕಟ್ಟಿಗೆ ಬಿಗಿದಿದ್ರೆ ಕೆಲಸ ಮುಗೀತಿತ್ತು. ಇವರು ಚೌಕಟ್ಟು ಸಡಿಲ ಆಗಿದೆ, ಗೋಡೆಗೇ ಹೊಸ ತೂತು ಹಾಕಿ ಬಿಗೀತೀನಿ ಅಂದ್ರು. ಬೇಡ ಭಾವ, ಗೂಡು ಬಿಡಿಸಿದ ಮೇಲೆ ಮಾಡುವಿರಂತೆ ಅಂತ ಆಕೆ ಎರಡೆರಡು ಸಲ ಹೇಳಿದಳು. ಒಂದೇ ನಿಮಿಷ ಅಂತ ಇವರು ಸ್ಟೂಲ್ ಹತ್ತಿಬಿಟ್ರು. ನಾನು ಇವರ ಸೊಂಟ ಹಿಡ್ಕೊಂಡೆ.

ಹ್ಯಾಮರ್ ಒತ್ತಿದ ತಕ್ಷಣ ಗೋಡೆಯೆಲ್ಲಾ ಗುಂಯ್ ಅಂತು. ಎಡಗೈಗೆ ಭಾರ ತಡೆಯಲಿಲ್ಲ, ಅಭ್ಯಾಸಬಲದಲ್ಲಿ ಬಲಗೈ ಎತ್ತೋಕೆ ಹೋದ್ರು, ಅದು ಅರ್ಧಕ್ಕೇ ನಿಂತುಹೋಯ್ತು. ಮಷೀನು ಜಾರಿ ಪಕ್ಕಕ್ಕೆ ಎಳೆದುಕೊಂಡು ಹೋಯ್ತು. ಗಾರೆ ಬೊಗಸೆಗಟ್ಟಲೆ ಕಿತ್ಕೊಂಡು ಬಂದು ಬಾಗಿಲ ಹತ್ತಿರದ ಸ್ಟ್ಯಾಂಡಿನ ಮೇಲೆ, ಜ್ವರಕ್ಕೆ ಕೂತಿದ್ದ ಹುಳಗಳ ಮೇಲೆ, ಸುರೀತು. ಸುಣ್ಣದ ಪುಡಿ ಬೇರೆ, ಮರಳು ಸಿಮೆಂಟು ಬೇರೆ. ಆಕೆ ಓಡಿ ಬಂದಳು. ಬಗ್ಗಿ ಒಂದೊಂದೇ ಹೆಂಟೆ ಬೆರಳಲ್ಲಿ ಎತ್ತೋಕೆ ಶುರು ಮಾಡಿದಳು. ಕಣ್ಣಲ್ಲಿ ನೀರು. ತಲೆ ಎತ್ತದೇ ಕೇಳಿದಳು, ಬಲೆ ಕಟ್ಟೋ ಕೆಲಸಕ್ಕೆ ಈ ರಾಕ್ಷಸನ್ನ ಯಾಕಾದ್ರೂ ತಗೊಂಡ್ರಿ ಅಂತ.

"ಇವಳು ಆರಿಸಿದ್ದು" ಅಂದ್ರು ನಮ್ಮ ಯಜಮಾನರು. "ಇವಳ ಮಾತು ಕೇಳಿ ತಗೊಂಡೆ ನೋಡಮ್ಮ."

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಗಾದೆ ಹುಟ್ಟಿದ್ದು ನನ್ನಂಥವಳನ್ನ ನೋಡೇ ಇರಬೇಕು. ಆಕೆ ನನ್ನ ಮುಖ ನೋಡಿದಳು. ಇವರು ಎಡಗೈಯಲ್ಲಿ ಬಲಭುಜ ಒತ್ತಿ ಹಿಡ್ಕೊಂಡಿದ್ರು, ಅದು ಆಕೆಗೆ ಕಾಣದ ಹಂಗೆ ನಾನು ಅಡ್ಡ ನಿಂತಿದ್ದೆ. ಮರೆ ಮಾಡ್ತಿರೋಳೂ ನಾನೇ, ಬೈಸಿಕೊಳ್ಳೋಳೂ ನಾನೇ. ಆ ಬೆಳೆ ಪೂರ್ತಿ ಹಾಳಾಗಲಿಲ್ಲ, ಒಂದು ಸ್ಟ್ಯಾಂಡಷ್ಟೇ ಹೋಯ್ತು ಅಂತ ಆಮೇಲೆ ತಿಳೀತು. ಆದರೆ ಆ ಮನೆಯವರು ಮತ್ತೆ ನನ್ನನ್ನ ಕರೆಯಲಿಲ್ಲ. ಆಕೆ ಹೇಳಿದ್ದನ್ನ ಕೇಳಿ ಇನ್ನೂ ಒಂದೆರಡು ಮನೆ ಬಿಟ್ಟುಹೋದವು. ಯಾರಿಗೂ ಮೇಸ್ತ್ರಿ ಮೇಲೆ ಸಿಟ್ಟಿಲ್ಲ. ಹೆಂಗಸು ಹೇಳಿದ್ಲು ಅಂತ ಅಂಥ ಮಷೀನು ಯಾಕೆ ತರಬೇಕಿತ್ತು ಅನ್ನೋದೇ ಮಾತು.

ಇವರನ್ನ ನಾನು ಅವತ್ತಿಂದ ಪೂರ್ತಿ ಕ್ಷಮಿಸಿಲ್ಲ. ಹೇಳಿಬಿಡ್ತೀನಿ, ಅದರಲ್ಲಿ ಮುಚ್ಚಿಡೋದೇನಿದೆ. ಭುಜ ಹೋಗಿದ್ದು ಇವರ ತಪ್ಪಲ್ಲ, ಅದಕ್ಕೆ ಎಷ್ಟು ರಾತ್ರಿ ಎಣ್ಣೆ ತಿಕ್ಕಿದ್ದೀನಿ. ಆದರೆ ಆ ಒಂದು ಮಾತು ಇದೆಯಲ್ಲ, ಅದಕ್ಕೆ ಹಚ್ಚೋ ಎಣ್ಣೆ ನನ್ನ ಹತ್ತಿರ ಇಲ್ಲ.

ಮುಂದಿನ ವಾರ ಯಾರಿಗೂ ಹೇಳದೆ ಮುಳಬಾಗಿಲ ಬಸ್ಸು ಹತ್ತಿದೆ. ಯಲ್ದೂರಲ್ಲಿ ನಮ್ಮಮ್ಮ ನನ್ನ ಹೆಸರಿಗೆ ಬಿಟ್ಟ ಎರಡು ಮಾವಿನ ಮರದ ಫಸಲಿನ ದುಡ್ಡು ಸೆರಗಲ್ಲಿತ್ತು. ಪಕ್ಕದ ಸೀಟಿನವಳು ಕುರುಡುಮಲೆ ಗಣಪತಿಗೆ ಹರಕೆ ತೀರಿಸೋಕೆ ಹೊರಟಿದ್ದಳು, ನೀವೂ ಅಲ್ಲಿಗೇನಾ ಅಂತ ಕೇಳಿದಳು. ಇಲ್ಲಮ್ಮ, ಡ್ರಿಲ್ ಮಷೀನ್ ತರೋಕೆ ಅಂದೆ. ಆಕೆ ಕಿಟಕಿ ಕಡೆ ತಿರುಗಿಕೊಂಡಳು. ಅಂಗಡಿಯಲ್ಲಿ ಭಾಯ್ ಕನ್ನಡಕ ಏರಿಸಿ ನೋಡಿ, ಮೇಸ್ತ್ರಿ ಬರಲಿಲ್ವಾ ಅಮ್ಮಾ ಅಂದ್ರು.

"ಇಲ್ಲ ಭಾಯ್. ಹಿಡಿಯೋಳು ಬಂದಿದ್ದೀನಿ."

ಅವರು ಎದ್ದು ಒಳಗೆ ಹೋದ್ರು. ಚಿಕ್ಕದನ್ನ ತಂದು, ಬ್ಯಾಟರಿ ಹಾಕಿ, ನನ್ನ ಕೈಗೆ ಕೊಟ್ರು.

ಅದು ಬಂದ ಮೇಲೆ ಕೆಲಸ ಮೆಲ್ಲಗೆ ತಿರುಗಿ ಬಂತು. ಬಿಟ್ಟುಹೋದ ಮನೆಗಳು ಬರಲಿಲ್ಲ, ಹೊಸವು ಬಂದವು. ಶ್ರೀನಿವಾಸಪುರದ ಕಡೆಯಿಂದಲೂ ಕರೀತಾರೆ. ಒಂದು ಬ್ಯಾಟರಿ ಮುಗಿಯೋಷ್ಟರಲ್ಲಿ ಇನ್ನೊಂದು ಸಿದ್ಧ ಇರುತ್ತೆ. ಹೆಗಲ ಚೀಲದಲ್ಲಿ ಬುತ್ತಿ ಪಕ್ಕದಲ್ಲೇ ಕೂರುತ್ತೆ. ಮನೆ ಸಾಮಾನು, ಇವರ ಮಾತ್ರೆ, ಬೀಡಿ ಕಟ್ಟಿನ ಸಮೇತ, ಎಲ್ಲಾ ಅದರಿಂದಲೇ ಬರ್ತಿರೋದು. ಇವರು ಅದನ್ನ ಬೇಡ ಅನ್ನಲಿಲ್ಲ, ಬೈಯಲೂ ಇಲ್ಲ. ಬಂದವರು ಕೇಳಿದ್ರೆ, ಇವಳದೊಂದು ಚಿಕ್ಕ ಮಷೀನಿದೆ, ಏನೋ ಹೊತ್ತು ಹೋಗುತ್ತೆ ಅಂತಾರೆ. ದೊಡ್ಡದು ಪೆಟ್ಟಿಗೆಯಲ್ಲೇ ಇದೆ. ತಿಂಗಳಿಗೊಂದು ಸಲ ತೆಗೆದು, ಒರೆಸಿ, ಚಾರ್ಜಿಗಿಟ್ಟು, ಒಂದೇ ಒಂದು ಸಲ ಗುಂಡಿ ಒತ್ತಿ ನೋಡಿ ಮತ್ತೆ ಒಳಗಿಡ್ತಾರೆ.

ಆಯುಧಪೂಜೆ ದಿನ ಬಡಗಿ ಮನೆಯಲ್ಲಿ ಸಾಮಾನಿಗೆಲ್ಲಾ ಬಿಡುವು. ಉಳಿ, ಕೊಡತಿ, ಗರಗಸ, ಉಜ್ಜುಗೊರಡು ಎಲ್ಲಾ ತೊಳೆದು ಒರೆಸಿ ನಡುಮನೆಯಲ್ಲಿ ಹಲಗೆ ಮೇಲೆ ಸಾಲಾಗಿ ಇಡೋದು, ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ ಹೂವು, ಮುಂದೆ ಕಡ್ಲೆಪುರಿ. ಈ ಸಲ ಬೆಳಗ್ಗೆ ಇವರು ಸಾಲು ಜೋಡಿಸಿದ ಮೇಲೆ ನಾನು ನನ್ನ ಚಿಕ್ಕ ಮಷೀನನ್ನ ಒರೆಸಿ ತಂದು ಉಳಿಗಳ ಪಕ್ಕ ಇಟ್ಟೆ. ಸಾಲಿನ ಮಧ್ಯದಲ್ಲಿ ಆ ದೊಡ್ಡದು ಹಾರ ಹಾಕ್ಕೊಂಡು ಕೂತಿತ್ತು. ಇಟ್ಟು ಅಡುಗೆಮನೆ ಹಿಂದೆ ಒಲೆಗೆ ಸೌದೆ ತರೋಕೆ ಹೋದೆ.

ಬಂದು ನೋಡಿದ್ರೆ ಸಾಲಲ್ಲಿ ನನ್ನದು ಇರಲಿಲ್ಲ. ಉಳಿಗಳನ್ನ ಹತ್ತಿರ ಹತ್ತಿರ ಸರಿಸಿ ಜಾಗ ಮುಚ್ಚಿದ್ದರು. ಅಡುಗೆಮನೆಗೆ ಹೋದೆ. ನಾನು ಬೆಳಗ್ಗೆಯೇ ಕುಂಕುಮ ಇಟ್ಟಿದ್ದ ಮಿಕ್ಸಿ ಮತ್ತೆ ಈಳಿಗೆಮಣೆ ನಡುವೆ ನನ್ನ ಮಷೀನು. ಬರೀ ಹಂಗೇ ಬಿಸಾಕಿರಲಿಲ್ಲ. ಅದಕ್ಕೂ ಮೂರು ಪಟ್ಟೆ ಎಳೆದು, ಕುಂಕುಮ ಇಟ್ಟು, ಒಂದು ಸೇವಂತಿಗೆ ಸಿಕ್ಕಿಸಿದ್ದರು.

ಇದನ್ನ ಇಲ್ಲಿ ತಂದಿಟ್ಟಿದ್ದು ಯಾಕೆ ಅಂತ ಕೇಳಿದೆ. ಇವರು ಮಂಗಳಾರತಿ ತಟ್ಟೆಗೆ ಕರ್ಪೂರ ಇಡ್ತಾ ಇದ್ರು, ಎಡಗೈಯಲ್ಲಿ. ಮುಖದಲ್ಲಿ ಕೋಪ ಇಲ್ಲ, ಕೊಂಕಿಲ್ಲ.

"ನಿನ್ನ ಸಾಮಾನಲ್ವೇನೇ, ನಿನ್ನ ಸಾಮಾನಿನ ಜೊತೆ ಇಟ್ಟೆ" ಅಂದ್ರು.

ಗಂಟೆ ನನ್ನ ಕೈಗೆ ಕೊಟ್ರು. ಇವರು ಬಲಗೈಯಲ್ಲಿ ಆರತಿ ಎತ್ತಿದ್ರು, ನಾನು ಗಂಟೆ ಹೊಡೆದೆ. ಬಲಗೈ ಏಳದೆ ಆರತಿ ದೊಡ್ಡ ಮಷೀನಿನ ಎತ್ತರಕ್ಕಷ್ಟೇ ಬಂತು, ನಾನು ಎಂದಿನಂತೆ ಇವರ ಮೊಣಕೈ ಕೆಳಗೆ ಕೈ ಕೊಟ್ಟು ಮೇಲಕ್ಕೆತ್ತಿದೆ. ಪೂಜೆಗಿಟ್ಟ ಸಾಮಾನು ಮಾರನೇ ದಿನದವರೆಗೂ ಎತ್ತಬಾರದು. ಮಾರನೇ ದಿನ ಬೆಳಗ್ಗೆ ನಡುಮನೆಯಲ್ಲಿ ಸಾಲು ಇಟ್ಟ ಹಂಗೇ ಇತ್ತು, ಇವರು ಇನ್ನೂ ಎದ್ದಿರಲಿಲ್ಲ. ನಾನು ಈಳಿಗೆಮಣೆ ಪಕ್ಕದಿಂದ ಮಷೀನು ಎತ್ಕೊಂಡು, ಸೆರಗಲ್ಲಿ ಕುಂಕುಮ ಒರೆಸಿ, ಚೀಲಕ್ಕೆ ಹಾಕ್ಕೊಂಡು ಕೆಲಸಕ್ಕೆ ಹೋದೆ.